ಮನೆ ಅವರ ಹೆಸರಲ್ಲಿ, ಡೆಪಾಸಿಟ್ ನಮ್ಮಪ್ಪನದು: ನನಗೆ ಪಾಲಿದೆಯಾ?

ಪ್ರಶ್ನೆ: ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇನೆ. ಒಂಬತ್ತು ವರ್ಷದಿಂದ ಸಂಗಾತಿಯ ಜೊತೆಗಿದ್ದೇನೆ, ಮದುವೆಯಾಗಿಲ್ಲ. ಮನೆ ಅವರೊಬ್ಬರ ಹೆಸರಲ್ಲಿದೆ. ಕೊಳ್ಳುವಾಗ ದಾವಣಗೆರೆಯಿಂದ ಅಪ್ಪ ಡೆಪಾಸಿಟ್‌ಗೆ ದುಡ್ಡು ಕಳಿಸಿದರು. ಅದು ಗಿಫ್ಟ್ ಅಂತ ಬ್ಯಾಂಕಿಗೆ ಪತ್ರವನ್ನೂ ಬರೆದುಕೊಟ್ಟರು. ಮಾರ್ಟ್‌ಗೇಜ್ ಅವರು ಕಟ್ಟುತ್ತಾರೆ. ದಿನಸಿ, ಕೌನ್ಸಿಲ್ ಟ್ಯಾಕ್ಸ್, ಮಗಳ ನರ್ಸರಿ ಫೀಸು ನನ್ನದು. “ನಿನ್ನ ವೀಸಾ ಆಗಲಿ, ಆಮೇಲೆ ಹೆಸರು ಸೇರಿಸೋಣ” ಅಂದಿದ್ದರು. ಈಗ ಮನೆ ಬಿಟ್ಟು ಹೋಗು ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಇಷ್ಟು ವರ್ಷ ಜೊತೆಗಿದ್ದರೆ ಹೆಂಡತಿಯಷ್ಟೇ ಹಕ್ಕು ಬರುತ್ತೆ ಅಂತ ಅಲ್ಲಿ ಬಹಳ ಜನ ನಂಬಿದ್ದಾರೆ. ಅದು ಸುಳ್ಳು. ಮದುವೆಯಾಗಿದ್ದರೆ ಮನೆ ಯಾರ ಹೆಸರಲ್ಲಿದ್ದರೂ ಕೋರ್ಟು ಗಂಡ-ಹೆಂಡಿರ ವಿಚ್ಛೇದನಕ್ಕೆ ಸಂಬಂಧಿಸಿದ 1973ರ ಕಾಯ್ದೆಯ ಪ್ರಕಾರ ಹಂಚಿಕೊಡಬಹುದಿತ್ತು. ಮದುವೆ ಇಲ್ಲದಿದ್ದರೆ ಆಸ್ತಿಯ ಕಾನೂನೇ ಗತಿ. 1984ರ ಬರ್ನ್ಸ್ ಪ್ರಕರಣದಲ್ಲಿ ಒಬ್ಬ ಹೆಂಗಸು 19 ವರ್ಷ ಸಂಸಾರ ಮಾಡಿ, ಮಕ್ಕಳನ್ನು ಬೆಳೆಸಿ, ಮನೆಯಲ್ಲಿ ಒಂದು ಪೆನ್ನಿಯ ಪಾಲೂ ಸಿಗದೆ ಹೊರಬಂದರು.

ಆದರೆ ನಿಮ್ಮ ಪತ್ರದಲ್ಲಿ ಬರ್ನ್ಸ್ ಪ್ರಕರಣದಲ್ಲಿಲ್ಲದ ಎರಡು ವಿಷಯ ಇವೆ. ಒಂದು, ಆ ವೀಸಾ ಮಾತು. ಮನೆಯಲ್ಲಿ ಇಬ್ಬರಿಗೂ ಪಾಲಿದೆ ಅನ್ನುವ ತಿಳುವಳಿಕೆ ನಿಮ್ಮಿಬ್ಬರ ನಡುವೆ ಇತ್ತಾ, ಅದನ್ನು ನಂಬಿ ನೀವು ಏನಾದರೂ ಕಳೆದುಕೊಂಡಿರಾ ಅಂತ ಕೋರ್ಟು ನೋಡುತ್ತದೆ. ಎರಡೂ ಇದ್ದರೆ ಅದು ಕನ್‌ಸ್ಟ್ರಕ್ಟಿವ್ ಟ್ರಸ್ಟ್, ಅಂದರೆ ಹೆಸರು ಒಬ್ಬರದಾದರೂ ಮನೆ ಇಬ್ಬರ ಪರವಾಗಿ ಅವರ ಕೈಯಲ್ಲಿದೆ ಅಂತ ಕೋರ್ಟು ಒಪ್ಪುವುದು. ಅದಕ್ಕೆ ಬರವಣಿಗೆ ಬೇಕಿಲ್ಲ ಅಂತ 1925ರ ಆಸ್ತಿ ಕಾಯ್ದೆಯೇ ಹೇಳುತ್ತದೆ.

1975ರ ಈವ್ಸ್ ಪ್ರಕರಣದಲ್ಲಿ ಗಂಡಸು “ನಿನಗಿನ್ನೂ 21 ಆಗಿಲ್ಲ, ಅದಕ್ಕೇ ನಿನ್ನ ಹೆಸರು ಹಾಕಿಲ್ಲ” ಎಂಬ ನೆಪ ಹೇಳಿದ್ದ. ಆಕೆ 14 ಪೌಂಡಿನ ಸುತ್ತಿಗೆ ಹಿಡಿದು ಮನೆ ಮುಂದಿನ ಕಾಂಕ್ರೀಟು ಒಡೆದಿದ್ದಳು. ಕೋರ್ಟು ಕಾಲು ಪಾಲು ಕೊಟ್ಟಿತು. ಪಾಲು ಕೊಡುವ ಯೋಚನೆಯೇ ಇಲ್ಲದಿದ್ದರೆ ನೆಪ ಯಾಕೆ ಬೇಕು, ಅಲ್ವಾ? ನಿಮ್ಮ ವೀಸಾ ಮಾತು ಇದೇ ಜಾತಿಯದು. ಅದು ವಾಟ್ಸಾಪ್‌ನಲ್ಲೋ ಈಮೇಲ್‌ನಲ್ಲೋ ಇದ್ದರೆ ಇವತ್ತೇ ಬೇರೆ ಕಡೆ ಉಳಿಸಿಡಿ.

ಎರಡನೆಯದು ಅಪ್ಪನ ದುಡ್ಡು. ಗಿಫ್ಟ್ ಪತ್ರ ಕೊಟ್ಟ ಮೇಲೆ ಅಪ್ಪ ತಾವೇ ಪಾಲು ಕೇಳುವುದು ಕಷ್ಟ. ನಿಮಗದು ಅಡ್ಡಿ ಆಗಬೇಕಿಲ್ಲ. ಗಿಫ್ಟ್ ಕೊಟ್ಟಿದ್ದು ಯಾರಿಗೆ? ಮಗಳಿಗೆ ಅಂತಾದರೆ ಡೆಪಾಸಿಟ್ ನೀವು ಹಾಕಿದ ಹಾಗಾಯಿತು. ಕೋರ್ಟಿನಲ್ಲಿ ಇದರಷ್ಟು ಬಲವಾದ ಸಾಕ್ಷಿ ಕಮ್ಮಿ. ದುಡ್ಡು ಯಾರ ಖಾತೆಗೆ ಬಂತು, ಪತ್ರದಲ್ಲಿ ಯಾರ ಹೆಸರಿದೆ ಅಂತ ಮೊದಲು ನೋಡಿ. “ಹೆಸರು ಅವನದು, ದುಡ್ಡು ನಮ್ಮದು, ಇದು ಬೇನಾಮಿ ಆಗೋದಿಲ್ವಾ” ಅಂತ ಅಪ್ಪ ಹೆದರಬಹುದು. ಭಾರತದ 1988ರ ಬೇನಾಮಿ ಕಾಯ್ದೆ ಇಂಗ್ಲೆಂಡಿನ ಮನೆಯ ಪಾಲನ್ನು ತೀರ್ಮಾನಿಸುವುದಿಲ್ಲ.

ದಿನಸಿ, ನರ್ಸರಿ ಫೀಸಿನ ಮೇಲೆ ಜಾಸ್ತಿ ಭರವಸೆ ಬೇಡ. ಅದರಿಂದಲೇ ಪಾಲು ಹುಟ್ಟುವುದು ಕಷ್ಟ. ಆದರೆ ಪಾಲಿದೆ ಅಂತ ತೀರ್ಮಾನವಾದ ಮೇಲೆ ಅದು ಎಷ್ಟು ಅನ್ನುವುದಕ್ಕೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. 2011ರ ಜೋನ್ಸ್–ಕೆರ್ನಾಟ್ ತೀರ್ಪಿನಲ್ಲಿ ಇಬ್ಬರ ಹೆಸರಲ್ಲೂ ಇದ್ದ ಮನೆಯೇ ಶೇ. 90–10 ಆಗಿ ಒಡೆಯಿತು. ಹಾಗಾಗಿ ಅರ್ಧ ಸಿಕ್ಕೇ ಸಿಗುತ್ತೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಮನೆ ಕೊಳ್ಳುವಾಗ “ಈ ಮನೆಯ ಮೇಲೆ ಬ್ಯಾಂಕಿನ ಹಕ್ಕೇ ಮೊದಲು” ಅನ್ನುವ ಒಂದು ಒಪ್ಪಿಗೆ ಪತ್ರಕ್ಕೆ ಬ್ಯಾಂಕು ನಿಮ್ಮಿಂದಲೂ ಸಹಿ ಹಾಕಿಸಿರಬಹುದು. ಅದನ್ನು ತೋರಿಸಿ “ನೀನೇ ಹಕ್ಕು ಬಿಟ್ಟಿದ್ದೀಯ” ಅಂತ ನಿಮ್ಮ ಸಂಗಾತಿ ಹೆದರಿಸಬಹುದು. ಸಾಮಾನ್ಯವಾಗಿ ಅದು ಬ್ಯಾಂಕಿನ ಮುಂದೆ ಮಾತ್ರ ನಡೆಯುತ್ತದೆ, ಸಂಗಾತಿಯ ಮುಂದೆ ಅಲ್ಲ.

ಈಗ ಅವಸರದ ಕೆಲಸ. ಸಾಲಿಸಿಟರನ್ನು (ಅಲ್ಲಿನ ವಕೀಲರನ್ನು) ನೋಡದೆ ಮನೆ ಬಿಡಬೇಡಿ. ಅಲ್ಲಿ ವಾಸ ಇರುವವರ ಪಾಲು ಮನೆ ಕೊಂಡವರನ್ನೂ ಕಟ್ಟಿಹಾಕಬಹುದು, ಬ್ಯಾಂಕನ್ನೂ ಕಟ್ಟಿಹಾಕಬಹುದು ಅಂತ ಬೋಲಂಡ್ ತೀರ್ಪಿನಿಂದ ಗಟ್ಟಿಯಾಗಿದೆ. ಹೊರಟುಹೋದರೆ ಆ ರಕ್ಷಣೆ ಸಡಿಲವಾಗುತ್ತದೆ. ಹೊಡೆತ ಬಡಿತದ ಭಯವಿದ್ದರೆ ಮಾತ್ರ ಇದನ್ನೆಲ್ಲ ಮರೆತು ಮಗಳನ್ನು ಕರೆದುಕೊಂಡು ಹೊರಡಿ, ಪೊಲೀಸರಿಗೆ ಹೇಳಿ. ಜೊತೆಗೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಆಸ್ತಿ ನೋಂದಣಿ ಕಚೇರಿ) ಆರ್‌ಎಕ್ಸ್1 ಫಾರಂ ತುಂಬಿ ರಿಸ್ಟ್ರಿಕ್ಷನ್, ಅಂದರೆ ಮಾರಾಟಕ್ಕೆ ಕಡಿವಾಣ ಹಾಕುವ ಟಿಪ್ಪಣಿ, ಹಾಕಿಸಿ. ಆಮೇಲೆ ಅವರೊಬ್ಬರೇ ಸದ್ದಿಲ್ಲದೆ ಮನೆ ಮಾರಿ ದುಡ್ಡು ತೆಗೆದುಕೊಳ್ಳುವುದು ಸುಲಭವಲ್ಲ.

ಕೇಸು 1996ರ ಟ್ರಸ್ಟ್ ಕಾಯ್ದೆಯಡಿ ನಡೆಯುತ್ತದೆ. ಸೋತವರು ಸಾಮಾನ್ಯವಾಗಿ ಎದುರಿನವರ ಖರ್ಚನ್ನೂ ಕೊಡಬೇಕು. ಅದಕ್ಕೇ ಸಾಕ್ಷಿ ಜೋಡಿಸಿಕೊಂಡು ಮೊದಲು ಮೀಡಿಯೇಷನ್‌ಗೆ (ಮಧ್ಯಸ್ಥರ ಮುಂದೆ ರಾಜಿ ಮಾತುಕತೆಗೆ) ಕೂರಿ ಅನ್ನುತ್ತೇನೆ. ನಿಮ್ಮ ಪಾಲಿನ ಗತಿ ಏನೇ ಆದರೂ, ಮಗಳು ದೊಡ್ಡವಳಾಗುವ ತನಕ ಅವಳಿಗೊಂದು ಸೂರು ಬೇಕು ಅಂತ 1989ರ ಚಿಲ್ಡ್ರನ್ ಆಕ್ಟ್ ಪ್ರಕಾರ ಬೇರೆ ಅರ್ಜಿ ಹಾಕಬಹುದು. ಇದನ್ನೂ ಸಾಲಿಸಿಟರ್ ಹತ್ತಿರ ನೀವೇ ಬಾಯಿಬಿಟ್ಟು ಕೇಳಿ.