ದುಬೈಯ ಭಾನುವಾರ, ಊರಿನ ಸಾಲದ ಕಂತು

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ದುಬೈಯ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಮಾತ್ರ ರಜೆ, ಅಂದು ಸಂಬಳ ಬೀಳುವ ಬ್ಯಾಂಕಿನ ಶಾಖೆಗೂ ರಜೆ. ಊರಿನ ಮನೆ ಸಾಲದ ಕಂತು ಪ್ರತಿ ತಿಂಗಳು 5ರಂದು ನನ್ನ ಹಳೆಯ ಉಳಿತಾಯ ಖಾತೆಯಿಂದ ಕಡಿತವಾಗುತ್ತದೆ. ಒಮ್ಮೆ 4ನೇ ತಾರೀಕು ಭಾನುವಾರ ಕಳುಹಿಸಿದ ಹಣ ಮಂಗಳವಾರ ತಲುಪಿ, ಕಂತು ತಪ್ಪಿ ದಂಡ ತೆತ್ತೆ. ಭಾನುವಾರವೇ ಬ್ಯಾಂಕಿನ ಕೆಲಸ ಮುಗಿಸಲು ದಾರಿಯುಂಟೇ?
— ಹೆಸರು ಬೇಡವೆಂದ ಓದುಗರು, ದುಬೈ

ಉತ್ತರ: ದಾರಿಯಿದೆ. ಯುಎಇ ಸರ್ಕಾರ 2022ರ ಜನವರಿಯಿಂದ ವಾರದ ರಜೆಯನ್ನು ಶುಕ್ರವಾರ–ಶನಿವಾರದಿಂದ ಶನಿವಾರ–ಭಾನುವಾರಕ್ಕೆ ಬದಲಿಸಿದ ಮೇಲೆ ನಿಮ್ಮಂಥವರಿಗೆ ಈ ತೊಡಕು ಹೆಚ್ಚಾಯಿತು. ಆದರೆ ಮಾಲ್‌ಗಳಲ್ಲಿರುವ, ಹಣ ಬದಲಿಸಿ ಊರಿಗೆ ಕಳುಹಿಸುವ ಎಕ್ಸ್‌ಚೇಂಜ್‌ಗಳು ಭಾನುವಾರವೂ ರಾತ್ರಿಯವರೆಗೆ ತೆರೆದಿರುತ್ತವೆ. ಮೂಲ ಎಮಿರೇಟ್ಸ್ ಐಡಿ (ಯುಎಇಯ ಗುರುತಿನ ಚೀಟಿ), ಪಡೆಯುವವರ ಖಾತೆ ಸಂಖ್ಯೆ ಮತ್ತು ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿ ಕೈಯಲ್ಲಿದ್ದರೆ ಕೆಲಸ ಮುಗಿಯುತ್ತದೆ. ಅವುಗಳ ಮೊಬೈಲ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದರೆ ಮಾಲ್‌ಗೆ ಹೋಗುವ ಅಗತ್ಯವೂ ಇರುವುದಿಲ್ಲ.

ನಿಮ್ಮ ಹಣ ತಡವಾದ ಕಾರಣ ಕಳುಹಿಸಿದ ಬಗೆಯಲ್ಲಿದ್ದಂತೆ ತೋರುತ್ತದೆ. ಭಾರತದಲ್ಲಿ ಬ್ಯಾಂಕುಗಳ ನಡುವೆ ಹಣ ವರ್ಗಾಯಿಸುವ ವ್ಯವಸ್ಥೆಗಳಾದ ನೆಫ್ಟ್ 2019ರ ಡಿಸೆಂಬರ್‌ನಿಂದಲೂ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದಲೂ ಹಗಲಿರುಳು, ರಜಾದಿನವೆನ್ನದೆ ನಡೆಯುತ್ತಿವೆ ನಿಜ. ಆದರೆ ಅವು ಹಣ ಭಾರತದ ಬ್ಯಾಂಕಿಗೆ ಬಂದ ಮೇಲಿನ ಮಾತು. ಬ್ಯಾಂಕಿನಿಂದ ಬ್ಯಾಂಕಿಗೆ ವಿದೇಶಿ ವರ್ಗಾವಣೆಯಾಗಿ ಹೊರಟ ಹಣ ಮಧ್ಯವರ್ತಿ ಬ್ಯಾಂಕುಗಳ ಕೆಲಸದ ದಿನಕ್ಕಾಗಿ ಕಾಯುತ್ತದೆ. ಭಾರತದ ಬ್ಯಾಂಕಿನೊಡನೆ ಮೊದಲೇ ಏರ್ಪಾಡು ಮಾಡಿಕೊಂಡ ಎಕ್ಸ್‌ಚೇಂಜ್ ತಕ್ಷಣ ಜಮೆ ಮಾಡಿಸಬಲ್ಲದು. ಆದ್ದರಿಂದ ಕೌಂಟರಿನಲ್ಲಿ ‘ಇದು ಇಂದೇ ಜಮೆಯಾಗುವ ಬಗೆಯೇ?’ ಎಂದು ಕೇಳಿಯೇ ಹಣ ಕೊಡಿ.

ಕಂತಿನ ಬಗ್ಗೆ ಇನ್ನೊಂದು ಸಂಗತಿ. ಬೇರೆ ಸಂಸ್ಥೆಯ ಸಾಲಕ್ಕೆ ನಿಮ್ಮ ಖಾತೆಯಿಂದ ಕಂತು ಕಡಿಯುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಎಲ್ಲ ದಿನವೂ ಕೆಲಸ ಮಾಡುತ್ತದೆ. ಮೊದಲು 5ನೇ ತಾರೀಕು ಭಾನುವಾರವಾದರೆ ಕಡಿತ ಮರುದಿನಕ್ಕೆ ಹೋಗುತ್ತಿತ್ತು; ಈಗ ಆ ವಿನಾಯಿತಿ ಇಲ್ಲ. ಸಾಲದ ಖಾತೆಯವರು ಒಪ್ಪಿದರೆ ಕಂತಿನ ತಾರೀಕನ್ನೇ ಸಂಬಳದ ದಿನದಿಂದ ವಾರ ಕಳೆದ ಮೇಲಕ್ಕೆ ಬದಲಿಸಿಕೊಳ್ಳಿ. ಒಂದು ಕಂತಿನಷ್ಟು ಹಣ ಊರಿನ ಖಾತೆಯಲ್ಲಿ ಸದಾ ಇರಲಿ. ನನ್ನ ಮಟ್ಟಿಗೆ ಉಳಿದೆಲ್ಲ ಉಪಾಯಗಳಿಗಿಂತ ಇದೇ ಮೇಲು.

ದರದ ಕಡೆಗೂ ಕಣ್ಣಿರಲಿ. ಶನಿವಾರ–ಭಾನುವಾರ ವಿದೇಶಿ ವಿನಿಮಯ ಮಾರುಕಟ್ಟೆ ಮುಚ್ಚಿರುವುದರಿಂದ, ಸೋಮವಾರದ ಏರಿಳಿತಕ್ಕೆ ಹೆದರಿ ಎಕ್ಸ್‌ಚೇಂಜ್‌ನವರು ತುಸು ಕಡಿಮೆ ದರ ಕೊಡುವುದುಂಟು. 2,000 ದಿರ್ಹಂಗೆ ದಿರ್ಹಮೊಂದಕ್ಕೆ 10 ಪೈಸೆ ಕಡಿಮೆಯಾದರೆ 200 ರೂಪಾಯಿ ಹೋಯಿತು. ‘ಕಮಿಷನ್ ಇಲ್ಲ’ ಎಂಬ ಫಲಕ ನೋಡಿ ಸಾಲಿನಲ್ಲಿ ನಿಲ್ಲುವ ಬದಲು, ಕೊನೆಗೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದೊಂದನ್ನೇ ಎರಡು ಕಡೆ ಕೇಳಿ. ಆ್ಯಪ್ ಇದ್ದವರು ಗುರುವಾರ ರಾತ್ರಿಯೇ ಕಳುಹಿಸಬಹುದು. ಕೊಠಡಿಗೇ ಬಂದು ಹೆಚ್ಚಿನ ದರ ಹೇಳುವ, ಬ್ಯಾಂಕಿನ ಹೊರಗೆ ಹಣ ಸಾಗಿಸುವ ಹುಂಡಿಯವರ ಸಹವಾಸ ಬೇಡ. ಭಾರತದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ (ಫೆಮಾ) ಅದು ಕಾನೂನುಬಾಹಿರ.

ನೀವು ಕೇಳದೆ ಬಿಟ್ಟ ವಿಷಯವೊಂದಿದೆ, ಆ ಹಳೆಯ ಉಳಿತಾಯ ಖಾತೆ. ಉದ್ಯೋಗಕ್ಕಾಗಿ ಹೊರದೇಶದಲ್ಲಿ ನೆಲೆಸಿದವರು ನಿವಾಸಿ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಬದಲಿಸಬೇಕು. ಗಲ್ಫ್‌ನ ಸಂಬಳಕ್ಕೆ, ಅನಿವಾಸಿಗಳು ಹೊರದೇಶದ ಗಳಿಕೆಯನ್ನು ಇಡುವ ಎನ್‌ಆರ್‌ಇ ಖಾತೆ ತೆರೆಯುವುದು ಒಳ್ಳೆಯದು. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಸಾಲದ ಕಂತನ್ನೂ ಅದರಿಂದಲೇ ಕಟ್ಟಬಹುದು. ಇದು ಭಾನುವಾರ ಆಗುವ ಕೆಲಸವಲ್ಲ. ಊರಿನ ಶಾಖೆಗೆ ಫೋನು ಮಾಡುವುದಾದರೆ ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ ಎಂಬುದು ನೆನಪಿರಲಿ: ನಿಮ್ಮ ಬೆಳಿಗ್ಗೆ 8:30ಕ್ಕೆ ಇಲ್ಲಿ 10. ರಜೆಯಲ್ಲಿ ಬಂದಾಗ ಖುದ್ದಾಗಿ ಹೋಗುವುದಾದರೆ, ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟು, ಪಾಸ್‌ಪೋರ್ಟ್, ವೀಸಾ ಪ್ರತಿ, ಪ್ಯಾನ್ ಕಾರ್ಡ್ ಮತ್ತು ಎರಡು ಫೋಟೊ ಹಿಡಿದು ಹೋಗಿ.