ಮಲೆನಾಡಿನ ಹಳ್ಳಿಗೆ ಚರ್ಚಿನ ಯುವಜನರ ಸೇವಾ ಪ್ರವಾಸ: ಯಾವ ಕೆಲಸ ಹಿಡಿಯಬೇಕು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನ ನಿಮ್ಮ ಚರ್ಚಿನ ಯುವಜನ ಸಂಘದ ಇಪ್ಪತ್ತೈದು ಮಂದಿ ಮೇ ತಿಂಗಳಲ್ಲಿ ನಾಲ್ಕು ದಿನ ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಗೆ ಬಂದು, ಅಲ್ಲಿನ ಸರ್ಕಾರಿ ಶಾಲೆಗೆ ಬಣ್ಣ ಬಳಿದು, ಹಳೆಯ ಬಟ್ಟೆ ಹಂಚಬೇಕೆಂದಿದ್ದೀರಿ, ಇದರಿಂದ ಊರಿಗೆ ನಿಜವಾಗಿ ಉಪಯೋಗವಾಗುತ್ತದೆಯೇ? ಈ ಜಿಲ್ಲೆಯ ಒಂದು ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಬಹಳ ಕಾಲ ಯುವಜನರ ಜೊತೆಗಿದ್ದು, ಹೊರಗಿನಿಂದ ಬರುವ ತಂಡಗಳಿಗೆ ವ್ಯವಸ್ಥೆ ಮಾಡಿಕೊಟ್ಟವನಾಗಿ ಹೇಳುತ್ತೇನೆ: ಖಂಡಿತ ಬನ್ನಿ, ಮೇ ತಿಂಗಳಲ್ಲೇ ಬನ್ನಿ, ಆದರೆ ಬಣ್ಣ, ಬಟ್ಟೆ ಎರಡನ್ನೂ ಕೈಬಿಡಿ. ಮಾಡಬೇಕಾದ ಕೆಲಸ ಯಾವುದೆಂದು ಊರಿನವರೇ ಹೇಳಲಿ, ನೀವು ಅದಕ್ಕೆ ಕೈಜೋಡಿಸಿ.

ಮಲೆನಾಡಿನಲ್ಲಿ ಗೋಡೆ ಕೆಡುವುದು ನೀರಿನಿಂದ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಘಟ್ಟದಂಚಿಗಿರುವ ಊರುಗಳಲ್ಲಿ ಜೂನ್ ಕಳೆದ ಮೇಲೆ ಗೋಡೆಗಳು ಒಣಗುವುದೇ ಅಪರೂಪ. ಮಾಡು (ಛಾವಣಿ) ಸೋರುತ್ತಿರುವ ಶಾಲೆಗೆ ಮೇ ತಿಂಗಳಲ್ಲಿ ಬಳಿದ ಬಣ್ಣ ಆಗಸ್ಟ್ ಹೊತ್ತಿಗೆ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಶಿವಮೊಗ್ಗ ನಗರ, ಭದ್ರಾವತಿ, ಶಿಕಾರಿಪುರದ ಕಡೆ ಮಳೆ ಇದರ ಸಣ್ಣ ಪಾಲು ಮಾತ್ರ, ಆದ್ದರಿಂದ ನೀವು ಬರುತ್ತಿರುವುದು ಯಾವ ತಾಲ್ಲೂಕಿಗೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಶಾಲೆಯ ಕೆಲಸವನ್ನೇ ಮಾಡುವುದಾದರೆ ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು.

ಹಾಗಾದರೆ ಯಾವ ಕೆಲಸ? ಘಟ್ಟದಂಚಿನ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ದೂರ, ತೋಟದ ತಲೆಯಲ್ಲಿ ಒಂದು, ಗುಡ್ಡದ ಆಚೆ ಇನ್ನೊಂದು. ಆ ಮನೆಗಳ ಮಕ್ಕಳು ಓದಿ, ನೌಕರಿ ಹಿಡಿದು, ನಿಮ್ಮದೇ ಬೆಂಗಳೂರಿನಲ್ಲಿದ್ದಾರೆ. ಉಳಿದಿರುವವರು ಅರವತ್ತು, ಎಪ್ಪತ್ತು ದಾಟಿದ ತಂದೆ ತಾಯಿ. ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ನಾಲ್ಕಾರು ಕೈಗಳು ಸೇರಿ ಮುಗಿಸುತ್ತಿದ್ದ ಕೆಲಸಗಳೆಲ್ಲ ಈಗ ಅವರ ಮೇಲೆ ಬಿದ್ದಿವೆ. ನುರಿತ ಕೈಗಳು ಬೇಕಿರುವ ಕಡೆ ನಿಮ್ಮಿಂದ ಹೆಚ್ಚು ಪ್ರಯೋಜನವಿಲ್ಲ. ಹೆಚ್ಚು ಕೈಗಳು ಬೇಕಿರುವ ಕಡೆ ನೀವು ದೊಡ್ಡ ಉಪಕಾರ ಮಾಡಬಲ್ಲಿರಿ.

ಇಂಥ ಕೆಲಸಗಳಲ್ಲಿ ಮೊದಲನೆಯದು ಹಂಚು ಕೈಯಾಡಿಸುವುದು, ಅಂದರೆ ಮಾಡಿನ ಹಂಚನ್ನು ಇಳಿಸಿ, ಉಜ್ಜಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುವುದು. ಇಲ್ಲಿನ ಹಳೆಯ ಮನೆಗಳಿಗೆಲ್ಲ ಮಂಗಳೂರು ಹಂಚು. (ಈ ಹಂಚಿನ ಉದ್ಯಮವೂ ಒಂದು ಕ್ರೈಸ್ತ ಮಿಷನ್ನಿನ ಕೈಯಿಂದಲೇ ಬೆಳೆದದ್ದು: ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆಯಿತು.) ವರ್ಷವಿಡೀ ಮಂಗಗಳು ಹಾರಿ, ತೆಂಗಿನ ಹೆಡೆ ಬಿದ್ದು, ಹಂಚು ಒಡೆಯುತ್ತದೆ, ಸರಿಯುತ್ತದೆ, ಒಂದರ ಮೇಲೊಂದು ಕೂರುವ ಅಂಚಿನ ಗಾಡಿಯಲ್ಲಿ (ಸಣ್ಣ ತೋಡಿನಲ್ಲಿ) ಒಣಎಲೆ ಮತ್ತು ಪಾಚಿ ತುಂಬಿಕೊಂಡು, ಮಳೆನೀರು ಕೆಳಗೆ ಹರಿಯುವ ಬದಲು ಒಳಕ್ಕೆ ತಿರುಗುತ್ತದೆ. ಮಾಡಿನ ಮೇಲೆ ಹತ್ತುವುದು ಊರಿನ ಇಬ್ಬರು ಹಂಚಿನ ಕೆಲಸಗಾರರು ಮಾತ್ರ, ಏಕೆಂದರೆ ಹಂಚನ್ನು ಹೊತ್ತ ಮರಗಳಲ್ಲಿ ಯಾವ ಪಕಾಸು ಗಟ್ಟಿ, ಯಾವ ರೀಪಿಗೆ ಗೆದ್ದಲು ಹತ್ತಿದೆ ಎಂಬುದು ಕಾಲಿಟ್ಟಾಗ ಅವರಿಗೆ ತಿಳಿಯುತ್ತದೆ, ನಮಗೆ ತಿಳಿಯುವುದಿಲ್ಲ. ನಿಮ್ಮವರು ಏಣಿಯ ಬುಡದಿಂದ ಅಂಗಳದವರೆಗೆ ಸಾಲಾಗಿ ನಿಂತು, ಮೇಲಿಂದ ಇಳಿಸಿದ ಹಂಚನ್ನು ಕೈಯಿಂದ ಕೈಗೆ ದಾಟಿಸಿ, ತೆಂಗಿನ ನಾರಿನ ಕುಂಚದಿಂದ ಗಾಡಿಯನ್ನು ಉಜ್ಜಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ಹಂಚು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬೊದ್ದಾಗಿ ಸದ್ದು ಮಾಡುತ್ತದೆ. ಇಬ್ಬರು ಕೆಲಸಗಾರರೇ ಮಾಡಿದರೆ ಹಲವು ದಿನ ಹಿಡಿಯುವ ಮಾಡು ಹೀಗೆ ಸಾಲು ನಿಂತರೆ ಸಂಜೆಯೊಳಗೆ ಮುಗಿಯುವುದನ್ನು ಕಂಡಿದ್ದೇನೆ. ಸಾಗರ ತಾಲ್ಲೂಕಿನಲ್ಲಿ ಒಬ್ಬರೇ ಇರುವ ಒಬ್ಬ ಅಮ್ಮ, ಕೆಲಸ ಮುಗಿದ ಮೇಲೆ ನಡುಮನೆಯಲ್ಲಿ ಸಾಲಾಗಿ ಇಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಅಡಿಗೆಮನೆಗೆ ಸಾಗಿಸಿದರು. ಹಿಂದಿನ ಮಳೆಗಾಲದಿಂದ ಅವು ಸೋರುವ ಜಾಗಗಳ ಕೆಳಗೇ ಇದ್ದವು.

ಆ ಇಬ್ಬರು ಕೆಲಸಗಾರರಿಗೆ ಊರಿನ ದರದಲ್ಲಿ ಪೂರ್ತಿ ಕೂಲಿಯನ್ನು ನಿಮ್ಮ ಸಂಘದ ಹಣದಿಂದಲೇ ಕೊಡಿ. ಇದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಮೇ ತಿಂಗಳು ಅವರ ದುಡಿಮೆಯ ತಿಂಗಳು. ನಮ್ಮ ಸೇವೆ ಒಬ್ಬ ಬಡವನ ಕೂಲಿಯನ್ನು ತಪ್ಪಿಸಬಾರದು. ಒಡೆದ ಹಂಚುಗಳ ಬದಲಿಗೆ ಬೇಕಾಗುವ ಹಂಚಿನ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. ಇದಲ್ಲದೆ ಸೌದೆ ಒಡೆದು ಕೊಟ್ಟಿಗೆಯ ಅಟ್ಟಕ್ಕೆ ಪೇರಿಸುವುದು, ಮನೆಯ ಹಿಂದಿನ ಧರೆಯ (ಕಡಿದ ಮಣ್ಣಿನ ದಿಬ್ಬದ) ಬುಡದ ಚರಂಡಿ ಬಿಡಿಸುವುದು, ಹಳ್ಳ ದಾಟುವ ಕಾಲುಸಂಕಕ್ಕೆ ಅಡಿಕೆ ಮರ ಹೊತ್ತು ತರುವುದು ಇವೂ ಇವೆ. ಸಂಕ ಕಟ್ಟುವ ಕೆಲಸ ಊರಿನವರದೇ. ನೀವು ಮರ ಹೊರಿ, ಅಷ್ಟು ಸಾಕು.

ಒಂದು ಕೆಲಸವನ್ನು ಮಾತ್ರ ಯಾರು ಕೇಳಿದರೂ ಒಪ್ಪಿಕೊಳ್ಳಬೇಡಿ: ಕಾಡಿನಿಂದ ದರಗು ಗುಡಿಸಿ ತರುವುದು. ಕೊಟ್ಟಿಗೆಗೆ ಹಾಸಲು ಇಲ್ಲಿನವರು ಒಣಗಿದ ಎಲೆಗಳನ್ನು ಒಟ್ಟುಮಾಡುತ್ತಾರೆ, ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಇರುವುದೂ ಅದೇ ಎಲೆಗಳಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ ಇಂದಿಗೂ ಹೋಗಿಲ್ಲ. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆದುಕೊಂಡಿತು. ಇದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ವರೆಗೆ, ಅಂದರೆ ನೀವು ಬರುವ ತಿಂಗಳೂ ಅದರಲ್ಲಿ ಸೇರಿದೆ. ಹೊರಡುವ ವಾರ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ, ಸುತ್ತಮುತ್ತ ಮಂಗ ಸತ್ತಿದೆಯೇ, ಯಾರಿಗಾದರೂ ಜ್ವರವಿದೆಯೇ ಎಂದು ವಿಚಾರಿಸಿ. ಇದೆ ಎಂದರೆ ಪ್ರವಾಸವನ್ನು ಬೇರೆ ತಾಲ್ಲೂಕಿಗೆ ಬದಲಿಸಿ, ಸಂಕೋಚ ಬೇಡ. ಬಂದವರು ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಧರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಸಂಜೆ ಸೋಪು ಹಾಕಿ ಬಿಸಿನೀರಿನ ಸ್ನಾನ ಮಾಡಿ, ಮೈಯಲ್ಲಿ ಉಣುಗು ಕಚ್ಚಿದೆಯೇ ಎಂದು ನೋಡಿಕೊಂಡು, ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸುತ್ತದೆ, ಅಷ್ಟರಲ್ಲಿ ನೀವು ಬೆಂಗಳೂರಿಗೆ ಮರಳಿರುತ್ತೀರಿ. ಆದ್ದರಿಂದ ಮರಳಿದ ಮೇಲೆ ಯಾರಿಗಾದರೂ ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಮಲೆನಾಡಿನ ಕಾಡಂಚಿಗೆ ಹೋಗಿಬಂದಿದ್ದೇವೆ ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು; ಇದನ್ನು ಪ್ರತಿಯೊಬ್ಬರ ತಂದೆ ತಾಯಿಗೂ ತಿಳಿಸಿಡಿ.

ಪ್ರಾರ್ಥನೆಯ ವಿಚಾರ. ಬೆಳಗಿನ ಬಲಿಪೂಜೆ (ಮಾಸ್), ಸಂಜೆಯ ಜಪಸರ (ರೋಸರಿ) ಧರ್ಮಕೇಂದ್ರದಲ್ಲಿ ನಡೆಯಲಿ, ಮೇ ತಿಂಗಳು ಮರಿಯಮ್ಮನವರ ಭಕ್ತಿಯ ತಿಂಗಳಾದ್ದರಿಂದ ಊರಿನ ವಿಶ್ವಾಸಿಗಳೂ ಜೊತೆಗೂಡುತ್ತಾರೆ. ಆದರೆ ಕೆಲಸಕ್ಕೆ ಹೋದ ಮನೆಯಲ್ಲಿ ಪ್ರಾರ್ಥಿಸುವುದು, ಕರಪತ್ರ ಕೊಡುವುದು ಬೇಡ. ಮನೆಗಳನ್ನು ಆರಿಸುವಾಗ ಜಾತಿ, ಮತ ನೋಡದೆ ಯಾರ ಮಾಡು ಹೆಚ್ಚು ಸೋರುತ್ತದೆ, ಯಾರು ಒಂಟಿಯಾಗಿದ್ದಾರೆ ಎಂಬುದನ್ನೇ ನೋಡಬೇಕು, ಆ ಪಟ್ಟಿಯನ್ನು ಪಂಚಾಯಿತಿ ಸದಸ್ಯರ ಮುಂದಿಡಬೇಕು. ನಾವು ವಿಶ್ವಾಸದಿಂದಲೇ ಈ ಕೆಲಸಕ್ಕೆ ಬಂದಿದ್ದೇವೆ. ಅದಕ್ಕೆ ಪ್ರತಿಯಾಗಿ ಆ ಮನೆಯವರು ಏನನ್ನೂ ಕೇಳಿಸಿಕೊಳ್ಳಬೇಕಾದ ಋಣದಲ್ಲಿ ಬೀಳಬಾರದು. ಅವರ ಮುಖ, ಅವರ ಸೋರುವ ಮನೆ ನಿಮ್ಮ ಇನ್‌ಸ್ಟಾಗ್ರಾಂನಲ್ಲಿಯೂ ಬರಬಾರದು.

ಹಳೆಯ ಬಟ್ಟೆಯನ್ನು ಇಲ್ಲಿ ಯಾರೂ ಕೇಳಿಲ್ಲ. ಅದರ ಬದಲು ನಾಲ್ಕು ದಿನಕ್ಕೆ ಬೇಕಾದ ಅಕ್ಕಿ, ಬೇಳೆ, ಎಣ್ಣೆಯನ್ನು ನೀವೇ ತನ್ನಿ, ಇಲ್ಲವಾದರೆ ಮಲೆನಾಡಿನವರು ತಮಗಿಲ್ಲದಿದ್ದರೂ ನಿಮಗೆ ಕಡುಬು ಬೇಯಿಸುತ್ತಾ ಕೂರುತ್ತಾರೆ. ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆ ಪತ್ರ, ಹುಡುಗಿಯರ ಜೊತೆ ಜವಾಬ್ದಾರಿಯುತ ಹಿರಿಯ ಮಹಿಳೆ ಕಡ್ಡಾಯ.

ನೀವು ಕಥೋಲಿಕರಾದರೆ, 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟು ರೂಪುಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯದ ಯುವಜನ ನಿರ್ದೇಶಕರಿಗೆ ಪತ್ರ ಬರೆಯಿರಿ. ಬೇರೆ ಸಭೆಯವರಾದರೆ ನಿಮ್ಮ ಸಭೆಯ ಇಲ್ಲಿನ ಪಾಲಕರಿಗೆ ಬರೆಯಿರಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲೂ ಪವಿತ್ರ ವಾರದಲ್ಲೂ ಗುರುಗಳಿಗೆ ಬಿಡುವಿರುವುದಿಲ್ಲ, ಆದ್ದರಿಂದ ಫೆಬ್ರವರಿಯೊಳಗೇ ಪತ್ರ ತಲುಪಲಿ. ಏಪ್ರಿಲ್ ಕೊನೆಗೆ ನಿಮ್ಮಲ್ಲಿ ಇಬ್ಬರು ಬಂದು ಮನೆಗಳನ್ನು ಕಣ್ಣಾರೆ ನೋಡಿ, ಹಂಚಿನ ಲೆಕ್ಕ ಹಾಕಿಕೊಂಡು ಹೋಗಿ. ಮಳೆ ಹಿಡಿದ ಮೇಲೆ, ಜುಲೈಯಲ್ಲಿ, ಕೆಲಸ ಮಾಡಿದ ಪ್ರತಿ ಮನೆಗೂ ಫೋನ್ ಮಾಡಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಕೇಳಿ, ಸೋರುತ್ತಿದ್ದರೆ ಅದೇ ಕೆಲಸಗಾರರನ್ನು ಮತ್ತೊಮ್ಮೆ ಕಳುಹಿಸಲು ಸ್ವಲ್ಪ ಹಣ ಉಳಿಸಿಟ್ಟುಕೊಂಡಿರಿ.