ಪ್ಲೇಟ್‌ಲೆಟ್ 9 ಲಕ್ಷ ಇದೆ, ಆದ್ರೆ ಅಪ್ಪನಿಗೆ ಏನೂ ತ್ರಾಸಿಲ್ಲ. ಗುಳಿಗೆ ಶುರು ಮಾಡಿಸಬೇಕಾ?

ನೀವು ಬರೆದದ್ದು ಇಷ್ಟು: ತಂದೆಗೆ 63 ವರ್ಷ, ರಾಣೆಬೆನ್ನೂರು ಕಡೆ ರೈತರು, ತಂಬಾಕು ಹಾಕ್ತಾರೆ, ಬಿಪಿಯೂ ಇದೆ. ಎಸೆನ್ಶಿಯಲ್ ಥ್ರಾಂಬೋಸೈಥೀಮಿಯಾ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅತಿಯಾಗಿ ಹುಟ್ಟುವ ಕಾಯಿಲೆ ಅಂತ ಗೊತ್ತಾಗಿದೆ, ಜಾಕ್2 ಅನ್ನೋ ಜೀನ್ ಪರೀಕ್ಷೆ ಪಾಸಿಟಿವ್, ಪ್ಲೇಟ್‌ಲೆಟ್ 9 ಲಕ್ಷ. ಹುಬ್ಬಳ್ಳಿ ಡಾಕ್ಟರು ಪ್ಲೇಟ್‌ಲೆಟ್ ಇಳಿಸುವ ಹೈಡ್ರಾಕ್ಸಿಯೂರಿಯಾ ಗುಳಿಗೆ ಶುರು ಮಾಡೋಣ ಅಂದಿದ್ದಾರೆ. ತಂದೆ "ನನಗೇನಾಗೇತಿ, ಕ್ಯಾನ್ಸರ್ ಗುಳಿಗಿ ಯಾಕ ನುಂಗ್ಲಿ" ಅಂತಿದ್ದಾರೆ. ಆರು ತಿಂಗಳು ಕಾದು ನೋಡಿದರೆ ನಡೆಯುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಡಾಕ್ಟರಲ್ಲ. ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಇದೇ ಕಾಯಿಲೆ ನನಗೂ ಇದೆ. ಇದೇ ಗುಳಿಗೆಯನ್ನು ಮೂರು ವರ್ಷದಿಂದ ನುಂಗುತ್ತಿದ್ದೇನೆ. ಅದಕ್ಕೂ ಮುಂಚೆ ನಾಲ್ಕು ವರ್ಷ ನುಂಗದೆ ಇದ್ದೆ. ಅದರಲ್ಲಿ ಮೊದಲ ಮೂರು ವರ್ಷ ಕಾದದ್ದು ಸರಿ. ಕೊನೆಯ ಒಂದು ವರ್ಷ ಕಾದದ್ದು ಬರೀ ಮೊಂಡುತನ.

ನನಗೆ ಶುರುವಾಗಿದ್ದು ಉರಿಯಿಂದ. ಅಂಗಾಲು, ಬೆರಳ ತುದಿ ಕೆಂಪಗಾಗಿ ಸುಡುತ್ತಿದ್ದವು. ಬ್ಯಾಡಗಿಯಲ್ಲಿ ಕೈ ಉರಿ ಅಂದರೆ ಯಾರು ತಲೆ ಕೆಡಿಸಿಕೊಳ್ತಾರೆ ಹೇಳಿ? ಸೋಮವಾರ, ಗುರುವಾರ ಪೇಟೆಗೆ ಕಾಲಿಟ್ಟರೆ ಕಣ್ಣು, ಮೂಗು, ಗಂಟಲು ಎಲ್ಲ ಉರಿಯೇ. "ಖಾರದ ಕೈ ಚಲೋತ್ನ್ಯಾಗ ತೊಳ್ಕೊಂಡು ಬರ್ರಿ ಅಂದ್ರ ಕೇಳಂಗಿಲ್ಲ" ಅಂತ ಮನೆಯಲ್ಲಿ ಬೈಗುಳ. ನಾನು ಮುಟ್ಟೋದು ಪೆನ್ನು, ಮೆಣಸಿನಕಾಯಿ ಅಲ್ಲ. ಅದು ಹೋಗಲಿ, ಅಂಗಾಲಿಗೆ ಖಾರ ಎಲ್ಲಿಂದ ಬಂತು? ಅದನ್ನು ನಾನೂ ಯೋಚಿಸಲಿಲ್ಲ. ರಾತ್ರಿ ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದೆ. ಒಬ್ಬ ಡಾಕ್ಟರು ಎಂಟು ತಿಂಗಳು ವಿಟಮಿನ್ ಗುಳಿಗೆ ಕೊಟ್ಟರು. ಒಂದು ರಕ್ತ ಪರೀಕ್ಷೆ ಬರೆದುಕೊಡಲಿಲ್ಲ.

ಕೊನೆಗೆ ಹರ್ನಿಯಾ ಆಪರೇಷನ್ನಿಗೆ ಅಂತ ರಕ್ತ ಕೊಟ್ಟಾಗ ಪ್ಲೇಟ್‌ಲೆಟ್ 8 ಲಕ್ಷ 70 ಸಾವಿರ ಬಂತು. ಇರಬೇಕಾದ್ದು ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಮಷೀನು ಕೆಟ್ಟಿದೆ ಅಂದುಕೊಂಡು ಲ್ಯಾಬಿನ ಹುಡುಗ ಇನ್ನೊಂದು ಸಲ ರಕ್ತ ತೆಗೆದ. ಓಣಿಯಲ್ಲಿ ಸುದ್ದಿ ಹಬ್ಬಿತು. ಅದು ಡೆಂಗಿ ಜೋರಿದ್ದ ಮಳೆಗಾಲ. ಎಲ್ಲರೂ ಪ್ಲೇಟ್‌ಲೆಟ್ ಇಳೀತು ಅಂತ ಪಪ್ಪಾಯಿ ಎಲೆ ಅರೆಯುತ್ತಿದ್ದರು. "ನಿಮ್ಮವು ಒಂದೆರಡು ಲಕ್ಷ ನಮ್ಮ ಹುಡುಗ್ಗ ಕೊಡ್ರಿ" ಅಂತ ಪಕ್ಕದ ಮನೆಯವರು ತಮಾಷೆ ಮಾಡಿದರು.

ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೂ, ಎಲ್ಲೋ ಸೋಂಕಿದ್ದರೂ ಪ್ಲೇಟ್‌ಲೆಟ್ ಏರುತ್ತೆ. ಅವೆಲ್ಲ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಜಾಕ್2 ಪರೀಕ್ಷೆ ಮಾಡಿಸಿ, ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿ ಆಮೇಲೆ ಕಾಯಿಲೆಗೆ ಹೆಸರು ಹೇಳಿದರು. ಜಾಕ್2 ಅಂದರೆ ರಕ್ತ ಹುಟ್ಟಿಸುವ ಜೀವಕೋಶದಲ್ಲಿ ನಡುವಯಸ್ಸಿನಲ್ಲೋ ಮುಂಚೆಯೋ ಆದ ಒಂದು ಬದಲಾವಣೆ. ಸಾಮಾನ್ಯವಾಗಿ ಅಪ್ಪನಿಂದ ಮಕ್ಕಳಿಗೆ ಬರುವಂಥದ್ದಲ್ಲ. ಇದನ್ನು ಕಂಡುಹಿಡಿದದ್ದೇ 2005ರಲ್ಲಿ. ಈ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಇರುತ್ತೆ. ನನಗೂ ಇತ್ತು. ದಿನಕ್ಕೊಂದು 75 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ಎರಡೇ ದಿನಕ್ಕೆ ಉರಿ ಹೋಯಿತು. ಎಂಟು ತಿಂಗಳ ಬಕೆಟ್ಟು ಎರಡು ದಿನದಲ್ಲಿ ಬಚ್ಚಲಿಗೆ ವಾಪಸ್.

ಆಗ ನನಗೆ 57. ಹೈಡ್ರಾಕ್ಸಿಯೂರಿಯಾ ಬೇಡವಾ ಅಂತ ಕೇಳಿದ್ದಕ್ಕೆ ಡಾಕ್ಟರು ಚೀಟಿಯ ಹಿಂದೆ ಮೂರು ಸಾಲು ಬರೆದರು. ವಯಸ್ಸು 60 ದಾಟಿದೆಯಾ? ಹಿಂದೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿತ್ತಾ? ಜಾಕ್2 ಇದೆಯಾ? ಪ್ಲೇಟ್‌ಲೆಟ್ ಎಷ್ಟು ಅನ್ನೋದು ಆ ಪಟ್ಟಿಯಲ್ಲೇ ಇರಲಿಲ್ಲ! ಅಂಕಿ ಏರಿದಷ್ಟೂ ಹೆಪ್ಪುಗಟ್ಟುವ ಭಯ ಜಾಸ್ತಿ ಅಂತ ನಾವು ಅಂದುಕೊಳ್ತೀವಿ, ಲೆಕ್ಕ ಹಾಗೆ ನಡೆಯಲ್ಲ. 10 ಲಕ್ಷ ದಾಟಿದರೆ ಉಲ್ಟಾ ರಕ್ತಸ್ರಾವದ ಭಯ ಬರುತ್ತೆ, ಆಸ್ಪಿರಿನ್ ಕೊಡೋಕೂ ಯೋಚನೆ ಮಾಡ್ತಾರೆ. "ಈಗ ಆಸ್ಪಿರಿನ್ ಸಾಕು, 60 ಆದಮೇಲೆ ಮತ್ತೆ ಮಾತಾಡೋಣ" ಅಂದರು.

ನಿಮ್ಮ ತಂದೆಗೆ ಗುಳಿಗೆ ಬರೆದದ್ದು ಆ 9 ಲಕ್ಷಕ್ಕಲ್ಲ. 63ಕ್ಕೆ, ಜತೆಗೆ ಜಾಕ್2ಗೆ. ಅವರು 50ರವರಾಗಿದ್ದು ಇದೇ 9 ಲಕ್ಷ ಇದ್ದಿದ್ದರೆ, ಬಹುಶಃ ಅದೇ ಡಾಕ್ಟರು ಕಾಯೋಣ ಅನ್ನುತ್ತಿದ್ದರು.

ನನಗೆ 60 ತುಂಬಿತು. ಗುಳಿಗೆ ಬರೆದುಕೊಟ್ಟರು. ಚೀಟಿ ತಂದು ದೇವರ ಮಾಡದಲ್ಲಿಟ್ಟೆ. ರಾತ್ರಿ ಫೋನಿನಲ್ಲಿ ಓದುತ್ತಾ ಕೂತರೆ ಎಲ್ಲೆಲ್ಲೂ ಕೀಮೋ, ಕೀಮೋ. ತಮ್ಮ ಬೇರೆ, "ಯೂರಿಯಾ ಹೊಲಕ್ಕ ಹಾಕೋದು ಅಣ್ಣ, ಹೊಟ್ಟಿಗೆ ಯಾರು ಹಾಕ್ತಾರ" ಅಂದ. (ರಸಾಯನದ ಲೆಕ್ಕದಲ್ಲಿ ಆ ಯೂರಿಯಾಕ್ಕೂ ಇದಕ್ಕೂ ನಂಟಿದೆ, ಆದರೆ ಇದು ಗೊಬ್ಬರವಲ್ಲ, ಬೇರೆಯೇ ಔಷಧಿ. ಹೆಸರಿಡುವವರು ಸ್ವಲ್ಪ ನಮ್ಮಂಥವರನ್ನೂ ನೆನೆಯಬೇಕಿತ್ತು.) ಇದು ಕ್ಯಾನ್ಸರ್ ವಾರ್ಡಿನ ಔಷಧಿ ಅನ್ನೋದು ನಿಜ. ಸಿಕಲ್ ಸೆಲ್ ಅನ್ನೋ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೂ ವರ್ಷಗಟ್ಟಲೆ ಇದನ್ನೇ ಕೊಡ್ತಾರೆ ಅನ್ನೋದೂ ನಿಜ. ನಾನು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಕೂತೆ.

ವರ್ಷ ತುಂಬುವ ಹೊತ್ತಿಗೆ ಒಂದು ಸೋಮವಾರ ಪೇಟೆ ಜೋರಿತ್ತು. ಕಡ್ಡಿ ಮೆಣಸಿನಕಾಯಿಯ ಪಟ್ಟಿ ಬರೆಯುತ್ತಿದ್ದೆ. ಎಡಗಣ್ಣಿಗೆ ಮೇಲಿನಿಂದ ಪರದೆ ಎಳೆದಂತಾಯಿತು. ಪಟ್ಟಿಯ ಅರ್ಧ ಸಾಲು ಕಾಣ್ತಿಲ್ಲ. ಎದುರಿಗೆ ನಿಂತ ರೈತ "ಯಾಕ್ರೀ ಸಾಹುಕಾರ್ರ, ತೂಕ ತಪ್ಪೇತೇನು" ಅಂದ. ಚಹಾ ತರಿಸಿ ಕುಡಿದೆ. ಹತ್ತು ನಿಮಿಷದಲ್ಲಿ ಕಣ್ಣು ಸರಿಯಾಯಿತು, ಪಟ್ಟಿ ಮುಗಿಸಿದೆ, ಮನೆಯಲ್ಲೂ ಹೇಳಲಿಲ್ಲ. ಒಂಬತ್ತು ದಿನ ಬಿಟ್ಟು ಹುಬ್ಬಳ್ಳಿಗೆ ಹೋದಾಗ ಮಾತಿಗೆ ಮಾತು ಬಂದು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಅದು ಹೆಪ್ಪುಗಟ್ಟಿದ ರಕ್ತದ ಚೂರು, ಕರಗಿದ್ದು ನನ್ನ ಪುಣ್ಯ. ಹಾಗಾದಾಗ ಚಹಾ ತರಿಸೋದಲ್ಲ, ತಕ್ಷಣ ಆಸ್ಪತ್ರೆ ಸೇರಬೇಕು. ಮಾತು ತೊದಲಿದರೆ, ಬಾಯಿ ಒಂದು ಕಡೆ ಎಳೆದರೆ, ಕೈ ಸೋತರೆ, ಎದೆ ಹಿಡಿದರೆ ಕೂಡ ಹಾಗೇ.

ಆಮೇಲೆ ನನ್ನ ಭಾಷೆಯಲ್ಲೇ ಹೇಳಿದರು. ಇಟಲಿಯಲ್ಲಿ ಇದೇ ಕಾಯಿಲೆಯ 114 ಮಂದಿ ಮೇಲೆ ಪರೀಕ್ಷೆ ಮಾಡಿ 1995ರಲ್ಲಿ ಪ್ರಕಟಿಸಿದ್ದಾರೆ. ಎಲ್ಲ 60 ದಾಟಿದವರು ಇಲ್ಲವೇ ಹಿಂದೆ ಹೆಪ್ಪುಗಟ್ಟಿದ್ದವರು. ಗುಳಿಗೆ ತಗೊಂಡ 56 ಮಂದಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು 2 ಜನಕ್ಕೆ. ತಗೊಳ್ಳದ 58 ಮಂದಿಯಲ್ಲಿ 14 ಜನಕ್ಕೆ. ಅದೂ ಸುಮಾರು ಎರಡು ವರ್ಷ ಚಿಲ್ಲರೆಯಲ್ಲಿ. ಮೂವತ್ತು ವರ್ಷ ಖಾತೆ ಬರೆದವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಅವತ್ತೇ ಸಂಜೆ ಮೊದಲ ಗುಳಿಗೆ ನುಂಗಿದೆ.

ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ ಅಂತ ಎಲ್ಲರೂ ಹೆದರಿಸ್ತಾರೆ. ಚಟ ಹತ್ತುವ ಗುಳಿಗೆ ಅಲ್ಲ ಇದು. ಬಿಟ್ಟರೆ ಪ್ಲೇಟ್‌ಲೆಟ್ ಮತ್ತೆ ಏರುತ್ತೆ, ಅಷ್ಟೇ. ಒಗ್ಗದಿದ್ದರೆ ಡಾಕ್ಟರು ಡೋಸ್ ಇಳಿಸ್ತಾರೆ, ಅನಾಗ್ರೆಲೈಡ್, ಇಂಟರ್‌ಫೆರಾನ್ ಅಂತ ಬೇರೆ ದಾರಿಗಳೂ ಇವೆ. ನೀವು ನಿಜವಾಗಿ ಒಪ್ಪಿಕೊಳ್ಳಬೇಕಾದ್ದು ಗುಳಿಗೆಯನ್ನಲ್ಲ, ರಕ್ತ ಪರೀಕ್ಷೆಯನ್ನು. ನನಗೆ ಮೊದಲು ಎರಡು ವಾರಕ್ಕೊಮ್ಮೆ ಇತ್ತು, ಆಮೇಲೆ ತಿಂಗಳಿಗೊಮ್ಮೆ, ಈಗ ಮೂರು ತಿಂಗಳಿಗೊಮ್ಮೆ. ಈ ಗುಳಿಗೆ ಪ್ಲೇಟ್‌ಲೆಟ್ ಒಂದನ್ನೇ ಇಳಿಸಲ್ಲ, ಬಿಳಿ ರಕ್ತಕಣವನ್ನೂ ಇಳಿಸುತ್ತೆ. ಆಸ್ಪತ್ರೆಯ ಬೆಂಚಿನ ಮೇಲೆ ಸವಣೂರು ಕಡೆಯ ಒಬ್ಬರು ಸಿಕ್ಕಿದ್ದರು. ಏಳು ತಿಂಗಳು ಅದೇ ಹಳೇ ಚೀಟಿ ತೋರಿಸಿ ಗುಳಿಗೆ ತಂದು ನುಂಗಿದ್ದಾರೆ, ಪರೀಕ್ಷೆ ಒಂದೂ ಇಲ್ಲ. ಜ್ವರ ಬಂದು ಬಿಳಿ ಕಣ ತಳ ಕಂಡ ಮೇಲೆ ಅಡ್ಮಿಟ್ ಆಗಿದ್ದರು. ನಿಮ್ಮ ತಂದೆಯನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವವರು ಯಾರು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಅದಾಗದಿದ್ದರೆ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ನನಗಾದ ತೊಂದರೆ ಅಂದರೆ ಬಾಯಲ್ಲಿ ಒಂದು ವಾರ ಹುಣ್ಣು, ಉಗುರಿನ ಮೇಲೆ ಕಪ್ಪು ಗೆರೆ. ರಿಪೋರ್ಟಿನಲ್ಲಿ ಎಂ.ಸಿ.ವಿ. (ಕೆಂಪು ರಕ್ತಕಣದ ಗಾತ್ರ) 112 ಅಂತ ಕೆಂಪು ಅಕ್ಷರ ಬರುತ್ತೆ, ಗುಳಿಗೆಯಿಂದ ಹಾಗೇ ಆಗೋದಂತೆ. ಕಣಕಾಲ ಹತ್ತಿರ ಮಾಯದ ಗಾಯ ಕಂಡರೆ ಕೂಡಲೇ ತೋರಿಸಬೇಕು. ಬಿಸಿಲಿಗೆ ಚರ್ಮ ಸೂಕ್ಷ್ಮ ಆಗುತ್ತೆ. ಹೊಲಕ್ಕೆ ಹೋಗುವವರು ತುಂಬು ತೋಳಿನ ಅಂಗಿ, ತಲೆಗೆ ರುಮಾಲು ಬಿಡಬಾರದು. ಕ್ಯಾಪ್ಸೂಲ್ ಒಡೆದು ಕೊಡಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಅವರು ಅದನ್ನು ಮುಟ್ಟಲೇಬಾರದು.

ಈಗ ನಿಮ್ಮ ಆರು ತಿಂಗಳು. ಎರಡು ವಾರ ಯೋಚನೆ ಮಾಡ್ತೀವಿ ಅಂದರೆ ಡಾಕ್ಟರನ್ನು ಕೇಳಿ ಮಾಡಿ. ಇನ್ನೊಬ್ಬ ರಕ್ತರೋಗ ತಜ್ಞರ ಅಭಿಪ್ರಾಯ ಬೇಕಾ, ರಾತ್ರಿ ರಾಣಿ ಚೆನ್ನಮ್ಮ ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ ಬನ್ನಿ. ಆದರೆ ಆರು ತಿಂಗಳು "ನೋಡೋದು" ಅಂದರೆ ಏನನ್ನು ನೋಡ್ತೀರಿ? ಇದರಲ್ಲಿ ಮೊದಲ ತ್ರಾಸೇ ಲಕ್ವ ಆಗಿರಬಹುದು. ನನಗೆ ಕೇಳಿದರೆ ಕಾಯಬೇಡಿ. ತಂಬಾಕು ಹಾಕ್ತಾರೆ, ಬಿಪಿಯೂ ಇದೆ ಅಂತ ಬರೆದಿದ್ದೀರಿ. ಅವೆರಡೂ ಇದಕ್ಕೆ ತುಪ್ಪ ಸುರಿದ ಹಾಗೆ.

ಅವರಿಗೆ ತಿಳಿಯದಂತೆ ಕೊಡುವ ಯೋಚನೆ ಮಾತ್ರ ಬೇಡ. ಡಾಕ್ಟರ ಎದುರಿಗೆ ಅವರನ್ನೇ ಕೂರಿಸಿ, ನೀವು ಸುಮ್ನೆ ಇರಿ. ಅವರೇ ಕೇಳಲಿ.

ಹಾಂ, ಹಲ್ಲು ಕೀಳಿಸೋದೋ ಆಪರೇಷನ್ನೋ ಬಂದರೆ ಈ ಕಾಯಿಲೆ, ಆಸ್ಪಿರಿನ್, ಗುಳಿಗೆ ಮೂರನ್ನೂ ಮುಂಚೆಯೇ ಹೇಳಬೇಕು. ನಾನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಂಡಿದ್ದೇನೆ.